ಲೊರೇನ್ ಕೂತ ಕುರ್ಚಿ

ಸ್ಕೋಕಿ, ಅಕ್ಟೋಬರ್ ೧೯, ಭಾನುವಾರ

ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು. ಇಲ್ಲಿ ಬರೆಯದೆ ಇನ್ನೆಲ್ಲಿ ಹೇಳಲಿ?

ಮಗ ಅಭಯ ತಾನಿರುವ ವಾರೆನ್ ಊರಿನಿಂದ ಫೋಟೊ ಕಳಿಸಿದ್ದಾನೆ. ಅಲ್ಲಿಯ ಚರ್ಚಿನವರು ಸಭೆಯ ಕುಟುಂಬಗಳ ಫೋಟೊ ಪುಸ್ತಕ ಮಾಡುತ್ತಿದ್ದಾರಂತೆ. ಅಭಯ, ಅವನ ಗಂಡ ಟಾಡ್, ನಡುವೆ ಕುರ್ಚಿಯಲ್ಲಿ ಅದೇ ಚರ್ಚಿನ ಲೊರೇನ್ ಎಂಬ ಮುದುಕಿ. ಅವಳ ಭುಜದ ಮೇಲೆ ನನ್ನ ಮಗನ ಕೈ.

ಹೋದ ವರ್ಷ ನಮ್ಮ ಚರ್ಚೂ ಇಂಥ ಪುಸ್ತಕ ಮಾಡಿತು. ಅಭಯ, ಟಾಡ್ ಇಬ್ಬರನ್ನೂ ಒಂದೇ ಫೋಟೊದಲ್ಲಿ ಹಾಕಬಹುದೇ ಎಂದು ಎರಡು ಮೀಟಿಂಗ್ ನಡೆಯಿತು. ಒಬ್ಬರು ಬೈಬಲಿನ ಒಂದು ಪುಟ ಓದಿದರೆ ಇನ್ನೊಬ್ಬರು ಇನ್ನೊಂದು ಪುಟ ಓದಿದರು. ಕೊನೆಗೆ ಪಾಸ್ಟರ್, "ಪ್ರಭುಭೋಜನದ ರೊಟ್ಟಿ ಇಬ್ಬರಿಗೂ ಇದೆ, ಫೋಟೊ ಮಾತ್ರ ಬೇರೆ ಬೇರೆ ಇರಲಿ" ಎಂದರು. ಜಗಳ ಮುಗಿಯಲಿ ಎಂದು ಅದಕ್ಕೆ ನಾನೂ ಕೈ ಎತ್ತಿದೆ. ಮರುತಿಂಗಳೇ ಅಭಯ, ಟಾಡ್ ವಾರೆನ್‌ನಲ್ಲಿ ಕೆಲಸ ಹಿಡಿದು ಹೋದರು.

ಇವತ್ತು ಫೋನಿನಲ್ಲಿ ಕೇಳಿಯೇಬಿಟ್ಟೆ: "ಆ ಅಜ್ಜಿ ನಿನಗೇನಾಗಬೇಕೋ? ನಾನು ಕೂತಿದ್ರೆ ಫೋಟೊ ಕೆಡ್ತಿತ್ತಾ?"

"ಅಮ್ಮ, ಫಸ್ಟ್ ನಿನ್ನನ್ನೇ ಕರೆದಿದ್ದು. ಮಂಡಿನೋವು, ಐದು ಗಂಟೆ ಕಾರಲ್ಲಿ ಕೂರಕ್ಕಾಗಲ್ಲ ಅಂದೆ. ಲೊರೇನ್‌ಗೂ ಮಂಡಿನೋವೇ. ವಾಕರ್ ಹಿಡ್ಕೊಂಡು ಬಂದ್ರು."

ಅದೇ ವಾರ ನಾನು ನಾದಿನಿಯ ಮಗಳ ಮದುವೆಗೆ ಅಷ್ಟೇ ದೂರದ ಓಹಾಯೊವರೆಗೆ ಕಾರಿನಲ್ಲಿ ಹೋಗಿಬಂದೆ. ಅದು ಅವನಿಗೆ ಗೊತ್ತಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು: "ಅವಳಿಗೆ ಆ ನೀಲಿ ಬಟ್ಟೆ ಒಪ್ಪಲ್ಲ, ಬಿಡು."

ಅವನು ನಗಲಿಲ್ಲ. "ಫೋನ್ ಇಡ್ತೀನಮ್ಮ" ಅಂದ.

ಟಾಡ್ ಹೇಗಿದ್ದಾನೆ ಎಂದು ಇವತ್ತೂ ನಾನು ಕೇಳಲಿಲ್ಲ. ಲೊರೇನ್ ಆಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದಳು.