ಲಗ್ನಪತ್ರಿಕೆಯ ಅಡಿಯಲ್ಲಿ ಉಳಿದ ಕೆಂಪು

ಇಳಕಲ್ಲು, ಬಿಸಿಲ್ಮಾಸದ ಮೂವತ್ತೆಂಟನೆಯ ದಿನ, ೨೪೧೯

ಕಿಟಕಿ ಚೌಕಟ್ಟುಗಳ ಅಧೀಶ್ವರಿ, ಮಾಸುವ ಬಟ್ಟೆಗಳ ಮಹಾನ್ಯಾಯಮೂರ್ತಿ, ತಮ್ಮ ಮರೆವೊಂದರಿಂದಲೇ ನಾಲ್ಕು ಶತಮಾನಗಳನ್ನು ಉದ್ಧರಿಸಿದ ಶ್ರೀಮತಿ ಶಾರದಾ ಕಂದಗಲ್ಲ ಅವರ ದಿವ್ಯ ಚಪ್ಪಲಿಗಳ ಸನ್ನಿಧಿಗೆ, ಊರ ಬಣ್ಣಗಟ್ಟೆಯ ಕಿರಿಯ ಪರೀಕ್ಷಕ ಮಡಿವಾಳಪ್ಪನ ಸಾಷ್ಟಾಂಗ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಬಿಸಿಲ್ಮಾಸವೆಂದರೆ ನಿಮ್ಮ ಹನ್ನೆರಡು ತಿಂಗಳುಗಳಲ್ಲಿ ಹಿಡಿಸದ ಬೇಸಿಗೆಗೆ ನಾವು ಕಟ್ಟಿಕೊಟ್ಟ ಹದಿಮೂರನೆಯ ಮನೆ. ಬಣ್ಣಗಟ್ಟೆಯೆಂದರೆ ಬಟ್ಟೆಗಳನ್ನು ಬಿಸಿಲಿಗೆ ಹಾಸಿ ಅವುಗಳ ತಾಳ್ಮೆ ನೋಡುವ ಕಟ್ಟೆ. ಕೆಲಸ ನಾಲ್ಕು ನೂರು ವರ್ಷಗಳ ಹಿಂದೆ ನೀವು ಮಾಡುತ್ತಿದ್ದುದೇ. ಬಟ್ಟೆಪಟ್ಟಿಯ ಅರ್ಧವನ್ನು ರಟ್ಟಿನಿಂದ ಮುಚ್ಚುತ್ತೇವೆ, ಅರ್ಧವನ್ನು ಸೂರ್ಯನಿಗೆ ಒಪ್ಪಿಸುತ್ತೇವೆ. ಪಕ್ಕದಲ್ಲಿ ಬೇಗ ಮಾಸುವುದರಿಂದ ಹಿಡಿದು ಹಟಮಾರಿಯವರೆಗೆ ನೀಲಿ ಉಣ್ಣೆಯ ತುಂಡುಗಳನ್ನು ಸಾಲಾಗಿ ಇಟ್ಟು, ನಮ್ಮ ಪಟ್ಟಿ ಯಾವ ನೀಲಿಯ ಜೊತೆ ಸೋತಿತೆಂದು ನೋಡುತ್ತೇವೆ. ನಮ್ಮ ಕಾಲದ ಕೆಂಪುಗಳೆಲ್ಲ ಮೊದಲನೆಯ ನೀಲಿಗಿಂತ ಮುಂಚೆಯೇ ಶರಣಾಗುತ್ತವೆ.

ಇದರಿಂದಲೇ ನನ್ನ ಅಕ್ಕ ಚಂಪಕ್ಕನ ಮದುವೆ ನಿಂತುಹೋಗಿತ್ತು. ನಮ್ಮಲ್ಲಿ ಮದುಮಗಳ ಸೆರಗಿನ ಕೆಂಪನ್ನು ಮನೆಯ ಹಿರಿಯಾಕೆ ಒಪ್ಪಬೇಕು. ಒಪ್ಪದೆ ಅಕ್ಷತೆ ಬೀಳದು. ತಂದ ಸೀರೆಗಳನ್ನೆಲ್ಲ ನಮ್ಮ ಗಂಗವ್ವ ಅಜ್ಜಿ ಬದಿಗೆ ತಳ್ಳಿದಳು. "ಇದು ಕೆಂಪೇನೋ? ತೊಳದಿಟ್ಟ ಇಟ್ಟಂಗಿ! ಸಣ್ಣಾಕಿದ್ದಾಗ ನಮ್ಮವ್ವನ ಪೆಟ್ಟಿಗ್ಯಾಗ ಒಂದು ಹಳೇ ಸೆರಗ ನೋಡೀನಿ. ಅದು ಕೆಂಪು!" "ಅಜ್ಜೀ, ನೀ ಒಪ್ಪೂದ್ರಾಗ ನನ್ನ ತಲಿಗೂದಲಾನೂ ಮಾಸ್ತಾವ," ಎಂದು ಚಂಪಕ್ಕ ನಕ್ಕಳು. ಆದರೆ ಆ ದಿನ ಊಟದ ತಟ್ಟೆ ಮುಟ್ಟಲಿಲ್ಲ.

ಆಗ ನಿಮ್ಮ ಪರೀಕ್ಷಾ ಕೋಣೆಯ ಕುಸಿದ ಗೋಡೆ ಅಗೆಯುತ್ತಿದ್ದವರಿಗೆ ಪಟ್ಟಿ ಬಿಸಿಲಿಗಿಡುವ ನಿಮ್ಮ ಕಿಟಕಿ ಚೌಕಟ್ಟು ಸಿಕ್ಕಿತು. ಮೂಲೆಯಲ್ಲಿ ನಿಮ್ಮ ಹೆಸರು. ರಟ್ಟು ಮುಗಿದಿತ್ತೇನೋ, ಯಾರದೋ ಲಗ್ನಪತ್ರಿಕೆ ಕತ್ತರಿಸಿ ಸೆರಗಿನ ಪಟ್ಟಿಯ ಅರ್ಧ ಮುಚ್ಚಿದ್ದಿರಿ. ಆಮೇಲೆ ಚಹಾಕ್ಕೆ ಹೋದವರು ಮರೆತೇಬಿಟ್ಟಿರಿ ಎಂಬುದು ನಮ್ಮ ವಿದ್ವಾಂಸರ ಒಮ್ಮತ. ತೆರೆದ ಅರ್ಧ ಹಾಲಿನಂತೆ ಬೆಳ್ಳಗಾಗಿತ್ತು. ನಾನು ಅಜ್ಜಿಯ ಮುಂದೆ ಕುಳಿತು, ಗಂಟಲು ಸರಿಮಾಡಿಕೊಂಡು, ಪತ್ರಿಕೆಯ ಚೂರನ್ನು ಎತ್ತಿ, "ಕೆಂಪು!" ಎಂದು ಘೋಷಿಸಿದೆ. ಅಜ್ಜಿ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡಳು. "ಇದ ನೋಡವ್ವಾ ಚಂಪಾ. ಇದ." ಬಣ್ಣಗಾರರು ಅದನ್ನೇ ಎದುರಿಗಿಟ್ಟುಕೊಂಡು ನೂಲು ಅದ್ದಿದರು. ನಿನ್ನೆ ಅಕ್ಷತೆ ಬಿತ್ತು. ಊಟದ ಮೊದಲ ಎಲೆ ನಿಮ್ಮ ಹೆಸರಿನಲ್ಲಿ ಹಾಕಿದೆವು. ಹೋಳಿಗೆ ಮಾತ್ರ ನಾನು ತಿಂದೆ.

ಆದ್ದರಿಂದ ತಾಯೀ, ಒಂದೇ ಬೇಡಿಕೆ. ನಿಮ್ಮ ಮೇಲಧಿಕಾರಿಗಳು "ಆ ಪಟ್ಟಿ ಎಲ್ಲೈತ್ರೀ?" ಎಂದು ಗದರಿದ ದಿನ ದಯವಿಟ್ಟು ನೆನಪು ಮಾಡಿಕೊಳ್ಳಬೇಡಿ. ಇನ್ನೊಂದು ಕಪ್ ಚಹಾ ಕುಡಿಯಿರಿ. ಬೈಗುಳ ನಿಮ್ಮದು, ಋಣ ನಮ್ಮದು.

ಕೊನೆಗೆ, ಮನೆಯಲ್ಲಿ ಯಾರಿಗೂ ಹೇಳದ ಮಾತು. ಬಟ್ಟೆ ಎಷ್ಟು ಮಾಸಿತೆಂಬುದು ನನಗೆ ಚೆನ್ನಾಗಿ ಕಾಣುತ್ತದೆ. ಆದರೆ ಹುಟ್ಟಿದಾಗಿನಿಂದ ನನ್ನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಅಂದು ಚೂರೆತ್ತಿದಾಗ ಪಟ್ಟಿಯತ್ತ ನಾನು ನೋಡಲೇ ಇಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅಜ್ಜಿಯ ಗದ್ದ ನಡುಗಿತು, ನಾನು ಕೂಗಿದೆ.