ಕೈ ತಿಳಿಯುವ ಪ್ರೋಟೀನು

ಕೊಲ್ಕತ್ತಾ, ಬುಧವಾರ

ಹಾನಗಲ್ಲಿನ ನಮ್ಮ ಬಳೆ ಅಂಗಡಿಯಲ್ಲಿ ಕೂತಿರುವ ಅಕ್ಕನಿಗೆ, ತಂಗಿ ಸಮತಾಳ ನಮಸ್ಕಾರ. ಫೋನ್ ಮಾಡಿದರೆ ಪಕ್ಕದಲ್ಲಿ ಅವ್ವ ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಓದಲು ಬಾರದು, ಅದಕ್ಕೇ ಈ ಕಾರ್ಡು.

ಇವತ್ತು ಲ್ಯಾಬಿನಲ್ಲಿ ಒಂದು ಪ್ರೋಟೀನಿನ ಆಟ ನೋಡಿದೆ. ಜೀವಕೋಶದ ಪೊರೆಯಂಥದ್ದೇ ಗುಳ್ಳೆಗಳನ್ನು ಮಾಡಿ, ಸಣ್ಣವು ದೊಡ್ಡವು ಎಲ್ಲ ಕಲಸಿಟ್ಟಿದ್ದೆವು. ಹಸಿರಾಗಿ ಹೊಳೆಯುವ ಆ ಪ್ರೋಟೀನು ದೊಡ್ಡವನ್ನು ಬಿಟ್ಟು ಸಣ್ಣವಕ್ಕೇ ಹೋಗಿ ಅಂಟಿಕೊಂಡಿತು. ಸಣ್ಣ ಗುಳ್ಳೆಯ ಪೊರೆ ಹೆಚ್ಚು ಬಾಗಿರುತ್ತದೆ, ಬಾಗಿದಲ್ಲಿ ಸಂದು ಬಿಡುತ್ತದೆ, ಇದು ಆ ಸಂದಿನಲ್ಲಿ ತೂರಿ ಕೂರುತ್ತದೆ. ಕಣ್ಣಿಲ್ಲ, ಕೈಯಿಲ್ಲ, ಮುಟ್ಟಿದರೆ ಸಾಕು, ಬಾಗು ಎಷ್ಟೆಂದು ಗೊತ್ತಾಗುತ್ತದೆ. ಎಲ್ಲರೂ ಬೆರಗಾದರು. ನನಗೆ ನಿನ್ನ ನೆನಪಾಗಿ ಹೊಟ್ಟೆ ಉರಿಯಿತು.

ನೀನೂ ಹಾಗೆಯೇ ಗಿರಾಕಿಯ ಕೈ ಒಮ್ಮೆ ಅಮುಕಿ ಅಳತೆ ಹೇಳುತ್ತೀ. ನಾನು ಮದುಮಗಳೊಬ್ಬಳಿಗೆ ಬಿಗಿ ಬಳೆ ಏರಿಸಹೋಗಿ ಮೂರು ಒಡೆದಾಗ ಅವ್ವ, "ನಿನಗ ಕೈ ತಿಳಿಯಂಗಿಲ್ಲ, ಬಳಿ ಬ್ಯಾಡ, ನೀ ಪುಸ್ತಕ ಹಿಡಿ" ಅಂದಳು. ಈಗ ಓಣಿಯೆಲ್ಲ ನನ್ನನ್ನು ಶಾಣ್ಯಾಕಿ ಅನ್ನುತ್ತದೆ. ಗಿರಾಕಿ ಬಂದರೆ ಅವ್ವ ಕೂಗುವುದು ಮಾತ್ರ ನಿನ್ನ ಹೆಸರನ್ನೇ.

ಹೋದ ವಾರ ನನಗೆ ಬಂದಿದ್ದ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಕಾರ್ಡು ತುಂಬಿತು. ನನಗೆ ಒಂದು ಡಜನ್ ಹಸಿರು ಬಳೆ ಕಳಿಸು. ಅಳತೆ ಬರೆಯುವುದಿಲ್ಲ. ಊರು ಬಿಟ್ಟು ಮೂರು ವರ್ಷವಾಯಿತು, ಅವ್ವನೇ ನೆನಪಿನಿಂದ ಆರಿಸಲಿ. ಅಕ್ಕ, ನೀನು ಹೇಳಿಕೊಡಬೇಡ.

ಸಮತಾ