ಚಾಂದಿನ ಬಲಗಿವಿ

ಲೇಡೀಸ್ ಹಾಸ್ಟೆಲ್, ಕುಕ್ ಟೌನ್
22 ನವೆಂಬರ್ 1999

ಮೇಲಿನ ಬಂಕಿನ ನನ್ನ ನೌರೀನ್,

ಮೊದಲು ಇಂಗ್ಲಿಷಿನಲ್ಲೇ ಬರೆಯಲು ಕೂತಿದ್ದೆ. ಮೊದಲ ಸಾಲಿಗೇ ಸಾರಿ ಬಂದುಬಿಟ್ಟಿತು, ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಹರಿದು ಹಾಕಿದೆ. ಕನ್ನಡದಲ್ಲಿ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲು ನನಗೆ ಬರುವುದಿಲ್ಲ. ಕಾಗುಣಿತ ನೋಡಿ ನಗು, ಪರವಾಗಿಲ್ಲ.

ನಿನ್ನೆ ನಿಮ್ಮ ಬೆಕ್ಕು ಚಾಂದನ್ನು ನಿನ್ನ ಅಜ್ಜಿಗೆ, ನಮ್ಮ ದಾದಿಗೆ, ಕೊಡಲು ಫ್ರೇಜರ್ ಟೌನಿಗೆ ಹೋಗಿದ್ದೆ. ಕೊಡಲಿಲ್ಲ. ವಾಪಸ್ ತಂದೆ. ಈಗ ಅವನು ನನ್ನ ಮಂಚದ ಕೆಳಗೆ ಬೆಡ್‌ಶೀಟ್ ಹೊದ್ದು ಕೂತಿದ್ದಾನೆ.

ದಸರಾ ರಜೆಯಲ್ಲಿ ಅವನು ಸತ್ತ ದಿನ ನೀನು ಐಸ್ ತುಂಬಿದ ಬಕೆಟ್ಟಿನಲ್ಲಿ ಅವನನ್ನು ತಂದು, ದಾದಿಯ ಮಡಿಲಿಗೆ ಇವನನ್ನು ಮತ್ತೆ ಕೂರಿಸು ಎಂದು ಹೇಳಿ ಟ್ರೇನಿಂಗಿಗೆಂದು ಮೈಸೂರಿನ ಬಸ್ ಹತ್ತಿದೆ. ಆವತ್ತು ನಾನು ಎಷ್ಟು ಬೀಗಿದೆ ಗೊತ್ತಾ? ಅದು ನನ್ನ ಮೊದಲ ಸ್ವಂತ ಕೆಲಸ. ಅಲ್ಲಿಯವರೆಗೆ ಸತ್ತ ಪ್ರಾಣಿಗಳನ್ನು ಬದುಕಿದ್ದ ಹಾಗೇ ತುಂಬಿ ನಿಲ್ಲಿಸುವ ಶಿವಾಜಿನಗರದ ಇನಾಯತ್ ಉಲ್ಲಾ ಸಾಬರ ಅಂಗಡಿಯ ಹಿಂದುಗಡೆ ಕೂತು ಕೋಳಿ, ಪಾರಿವಾಳಗಳ ಚರ್ಮ ಬಿಡಿಸುತ್ತಿದ್ದೆ, ತುಂಬುತ್ತಿದ್ದೆ, ಬಿಸಾಡುತ್ತಿದ್ದೆ. ನನ್ನ ಮೊದಲ ಹುಂಜವನ್ನು ನೋಡಿ ಸಾಬರು, ಪಾಪ ಇದು ಒಂದು ಸಲ ಸತ್ತಿದ್ದು ಸಾಲದಾ ಎಂದು ಕೇಳಿದ್ದರು. ಕ್ಲಾಸಿನಲ್ಲಿ ಯಾರಿಗೂ ಇದನ್ನು ಕಲಿಯುತ್ತಿದ್ದೇನೆ ಎಂದು ಹೇಳಿಲ್ಲ. ಬೆರಳಿನ ವಾಸನೆಗೆ ಜುವಾಲಜಿ ಲ್ಯಾಬಿನ ಹೆಸರು ಹೇಳುತ್ತೇನೆ.

ಚಾಂದ್ ಮಾತ್ರ ಚೆನ್ನಾಗಿ ಬಂದ. ಚರ್ಮ ಕೊಳೆಯದಿರಲಿ ಎಂದು ಬೋರಾಕ್ಸ್ ಹಚ್ಚಿದೆ, ತಂತಿಗೆ ಮರದ ನಾರು ಸುತ್ತಿ ಮೈ ಕಟ್ಟಿದೆ, ಗಾಜಿನ ಕಣ್ಣು ಕೂರಿಸಿದೆ. ಬಲಗಿವಿ ಮೊದಲಿನಿಂದಲೂ ಹರಿದಿತ್ತಲ್ಲ, ಅದಕ್ಕೆ ಹೊಟ್ಟೆಯ ಕಡೆಯಿಂದ ಚೂರು ಚರ್ಮ ತೆಗೆದು ತೇಪೆ ಹಾಕಿ, ಹೊಲಿಗೆ ಕಾಣದ ಹಾಗೆ ಕೂದಲು ಬಾಚಿದೆ. ಕಿವಿಯ ಬಗ್ಗೆ ಸಾಬರು ಏನೂ ಹೇಳಿರಲಿಲ್ಲ. ಹರಿದದ್ದನ್ನು ಹೊಲಿದರೆ ಒಳ್ಳೆಯದೇ ಅಲ್ಲವಾ ಅಂದುಕೊಂಡೆ.

ದಾದಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿದ್ದೂ, ಅವರು ಅವನನ್ನು ಗುರುತು ಹಿಡಿಯುವುದು ಬೆರಳಿನಿಂದ ಎಂದು ನನಗೆ ಹೊಳೆಯಲಿಲ್ಲ ನೋಡು. ಚಾಂದನ್ನು ಅವರ ತೊಡೆಯ ಮೇಲಿಟ್ಟೆ. ಹಣೆ ಸವರಿದರು, ಬೆನ್ನು ಸವರಿದರು, ಮುಖದಲ್ಲಿ ನಗು ಬರುತ್ತಿತ್ತು. ಆಮೇಲೆ ಬೆರಳು ಬಲಗಿವಿಗೆ ಬಂದು ನಿಂತಿತು. ಎಡಗಿವಿಗೆ ಹೋಗಿ ಮತ್ತೆ ಬಲಕ್ಕೇ ಬಂತು. ನಗು ಬರಲಿಲ್ಲ.

“ಬಾಳ ಚೆನ್ನಾಗೈತೆ ಬೇಟಿ,” ಅಂದರು. “ಯಾರ ಮನೇದು ಇದು?”

ನಿಮ್ಮದೇ ಎನ್ನಬೇಕಿತ್ತು. ನಾನು, ಕಾಲೇಜಿನ ಬೆಕ್ಕು ದಾದಿ, ಸುಮ್ಮನೆ ತೋರಿಸಲು ತಂದೆ, ನಿಮ್ಮದು ಇನ್ನೂ ಒಣಗಬೇಕು ಅಂದುಬಿಟ್ಟೆ. ಅವರು ಅವನನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

“ಬೇಗ ಕೊಟ್ಬಿಡು ಅವ್ರಿಗೆ. ಪಾಪ, ಕಾಯ್ತಿರ್ತಾರೆ.”

ಬರುವಾಗ ಆಟೋದವನು ಕನ್ನಡಿಯಲ್ಲಿ ನೋಡಿ, ಬೆಕ್ಕಿಗೆ ಹುಷಾರಿಲ್ವಾ ಮೇಡಂ, ಅಲ್ಲಾಡ್ತಾನೇ ಇಲ್ಲ ಅಂದ. ನಿದ್ದೆ ಅಂದೆ. ಸುಳ್ಳು ಒಮ್ಮೆ ಶುರುವಾದರೆ ಆಟೋ ಹತ್ತಿದರೂ ಇಳಿಯುವುದಿಲ್ಲ.

ತೇಪೆ ಕಿತ್ತುಹಾಕಿದರೆ ಮುಗಿಯಿತು ಎಂದುಕೊಳ್ಳಬೇಡ. ಹೊಲಿಗೆ ನೇರ ಬರಲಿ ಅಂತ ಹರಿದ ಅಂಚನ್ನೇ ಕತ್ತರಿಸಿ ಬಿಸಾಡಿದ್ದೇನೆ. ನೀನು ಕೊಟ್ಟ ಫೋಟೋದಲ್ಲಿ ಅವನು ಬಲಗಡೆ ಒತ್ತಿಕೊಂಡು ಮಲಗಿದ್ದಾನೆ. ಸೀಳು ಬುಡದವರೆಗೆ ಇತ್ತಾ? ತುದಿ ಒಳಗೆ ಮಡಿಚಿತ್ತಾ? ನಾನು ಇಷ್ಟು ದಿನ ಆ ಕಿವಿ ಹಿಡಿದು ಕೂತಿದ್ದೆ, ಒಮ್ಮೆಯೂ ಸರಿಯಾಗಿ ನೋಡಿಲ್ಲ. ನೀನು ಅವನನ್ನು ಮುಟ್ಟಿ ಬೆಳೆದವಳು. ಬೆರಳಿಗೆ ನೆನಪಿರುವಷ್ಟು ಒಂದು ಚಿತ್ರ ಬರೆದು ಕಳಿಸು. ಹಾಗೇ ಕತ್ತರಿಸುತ್ತೇನೆ. ಆಮೇಲೆ, ನಿನ್ನೆ ತಂದಿದ್ದೂ ಇವನನ್ನೇ ಎಂದು ದಾದಿಗೆ ನಾನೇ ಹೇಳುತ್ತೇನೆ. ನೀನು ಮೊದಲೇ ಫೋನ್ ಮಾಡಿ ಹೇಳಬೇಡ.

ಕೆಳಗಿನ ಬಂಕಿನವಳು,
ರೇವತಿ

ಮರೆತು ಬರೆದದ್ದಲ್ಲ, ಬೇಕೆಂದೇ ಬರೆದ ಸುಳ್ಳು: ಕಿವಿಯ ಬಗ್ಗೆ ಸಾಬರು ಹೇಳಿದ್ದರು. ಮನೆಯವರು ಕೊಟ್ಟ ಹಾಗೇ ಇರಲಿ, ಕಿವಿ ಮುಟ್ಟಬೇಡ ಎಂದಿದ್ದರು. ನನಗೆ ತುಂಬಿ ಮುಗಿಸಿದ ಚಾಂದಿನ ಫೋಟೋವನ್ನು ಇಲ್ಲಿನ ಪ್ರಾಣಿಗಳ ಕ್ಲಿನಿಕ್ಕಿನ ಬೋರ್ಡಿಗೆ ಹಾಕಿ ಕೆಲಸ ಹಿಡಿಯುವ ಆಸೆ. ಹರಿದ ಕಿವಿ ನೋಡಿ ಜನ ನನ್ನ ಕೈಯ ತಪ್ಪು ಅಂದುಕೊಂಡರೆ? ಅದಕ್ಕೆ ಸಾಬರ ಹತ್ತಿರ, ಹೊಲಿಯಲು ನೌರೀನೇ ಹೇಳಿದ್ದಾಳೆ ಅಂದೆ. ಸಾಬರು ಕೇಳಿದರೆ, ಇಲ್ಲ ಅನ್ನು. ಫೋಟೋ ಬೋರ್ಡಿನಲ್ಲಿ ಇನ್ನೂ ಇದೆ. ಇವತ್ತು ಬೆಳಿಗ್ಗೆ ಅದರ ಮುಂದೆ ನಿಂತು ಬಂದೆ. ಕಿತ್ತಿಲ್ಲ.